ಇನ್ನೂ ಸೂಜಿ ಬಿಡದ ತಮ್ಮನಿಗೆ ಎಚ್‌ಐವಿ ಮಾತ್ರೆ ಶುರು ಮಾಡಬಹುದೇ?

ನನ್ನ ತಮ್ಮನಿಗೆ ಮೂವತ್ತೊಂದು ವರ್ಷ. ಹೆರಾಯಿನ್ ಚುಚ್ಚಿಕೊಳ್ಳುತ್ತಾನೆ. ಹೋದ ತಿಂಗಳು ಎಚ್‌ಐವಿ ಇದೆ ಎಂದು ಗೊತ್ತಾಯಿತು. "ಮೊದಲು ಚಟ ಬಿಡಲಿ, ಮಾತ್ರೆಯ ವಿಷಯ ಆಮೇಲೆ. ಇಂಥವರು ಚಿಕಿತ್ಸೆಯಲ್ಲಿ ನಿಲ್ಲುವುದಿಲ್ಲ" ಎಂದು ಮನೆಯವರೂ ಹೇಳುತ್ತಾರೆ, ಒಬ್ಬ ವೈದ್ಯರೂ ಹೇಳಿದರು. ಈ ದಾರಿ ತುಳಿದವರಿದ್ದರೆ ನಿಮ್ಮ ಅನುಭವ ತಿಳಿಸಿ. ಬುದ್ಧಿಮಾತು ಈಗಾಗಲೇ ಬೇಕಾದಷ್ಟು ಸಿಕ್ಕಿದೆ.

ಒಂಬತ್ತು ವರ್ಷಗಳಿಂದ ಮಾತ್ರೆಯಲ್ಲಿರುವವನು

ಕಾಯಬೇಡಿ. ನನಗೂ ಇದೇ ಮಾತು ಹೇಳಿ ಹದಿನಾಲ್ಕು ತಿಂಗಳು ತಳ್ಳಿದರು. ಆ ಹದಿನಾಲ್ಕು ತಿಂಗಳಲ್ಲಿ ಚಟವೇನೂ ಹೋಗಲಿಲ್ಲ, ಸಿಡಿ4 (ಸೋಂಕಿನ ವಿರುದ್ಧ ಹೋರಾಡುವ ರಕ್ತಕಣಗಳ ಲೆಕ್ಕ) ಮಾತ್ರ 310ರಿಂದ 170ಕ್ಕೆ ಇಳಿಯಿತು. ಕೊನೆಗೆ ಬೇರೆ ವೈದ್ಯರು ಏನನ್ನೂ ಕೇಳದೆ ಮಾತ್ರೆ ಬರೆದುಕೊಟ್ಟರು. ಮೊದಲ ವರ್ಷ ಪೂರ್ತಿ ಚುಚ್ಚಿಕೊಳ್ಳುತ್ತಲೇ ಇದ್ದೆ. ಆದರೂ ಆರನೆಯ ತಿಂಗಳ ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬ) ವರದಿಯಲ್ಲಿ "ಪತ್ತೆಯಾಗಿಲ್ಲ" ಎಂದಿತ್ತು. ಯಾರದೋ ಕಾಗದ ನನಗೆ ಕೊಟ್ಟಿದ್ದಾರೆ ಎಂದು ಎರಡು ಸಲ ಹೆಸರು ನೋಡಿಕೊಂಡೆ.

ಉಪಾಯ ದೊಡ್ಡದೇನಲ್ಲ. ಮಾತ್ರೆಯ ಡಬ್ಬಿಯನ್ನು ಮೊಬೈಲ್ ಚಾರ್ಜರ್ ಪಕ್ಕ ಇಟ್ಟೆ. ಎಷ್ಟೇ ನಶೆ ಏರಿದ್ದರೂ ಮೊಬೈಲನ್ನು ಚಾರ್ಜಿಗೆ ಹಾಕುವುದನ್ನು ಮರೆತವನಲ್ಲ ನಾನು. ಒಂದು ಹೊತ್ತಿನದು ತಪ್ಪಿದರೆ ನೆನಪಾದಾಗ ನುಂಗಬೇಕು, ಮರುದಿನ ಎರಡೆರಡು ನುಂಗಬಾರದು.

ಚುಚ್ಚಿಕೊಂಡ ದಿನವೂ ಮಾತ್ರೆ ತೆಗೆದುಕೊಂಡಿದ್ದೇನೆ. ನಿಜವಾಗಿ ಕೈತಪ್ಪಿದ್ದು ಮಧ್ಯೆ ಎರಡು ತಿಂಗಳು. ಔಷಧಿ ಕೊಡುವ ಕಿಟಕಿಯಲ್ಲಿ ಒಬ್ಬರು ನನ್ನ ತೋಳು ನೋಡಿ ಪಕ್ಕದವರಿಗೆ ಕಣ್ಣು ಮಿಟುಕಿಸಿದರು. ಅದಾದ ಮೇಲೆ ಅತ್ತ ಕಾಲಿಡಲು ಮನಸ್ಸಾಗಲಿಲ್ಲ. ನಿಮ್ಮ ತಮ್ಮನ ಜೊತೆ ಮೊದಲ ಕೆಲವು ಸಲ ಯಾರಾದರೂ ಹೋಗಿ.

ಆಪ್ತ ಸಮಾಲೋಚಕಿ

"ಇಂಥವರು ನಿಲ್ಲುವುದಿಲ್ಲ" ಎಂಬ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಪತ್ತೆಯಾದ ಎಲ್ಲರಿಗೂ, ಸಿಡಿ4 ಎಷ್ಟೇ ಇರಲಿ, ಚಿಕಿತ್ಸೆ ಶುರು ಮಾಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಆ "ಎಲ್ಲರೂ" ಎನ್ನುವುದರಲ್ಲಿ ನಿಮ್ಮ ತಮ್ಮನೂ ಸೇರಿದ್ದಾನೆ.

ಸುಳ್ಳು ಭರವಸೆಯನ್ನೂ ಕೊಡುವುದಿಲ್ಲ. ಇಂಡೊನೇಷ್ಯಾ, ಉಕ್ರೇನ್ ಮತ್ತು ವಿಯೆಟ್ನಾಂನಲ್ಲಿ ಚುಚ್ಚಿಕೊಳ್ಳುವವರ ನಡುವೆಯೇ ನಡೆದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಎಂದಿನ ಸೇವೆ. ಇನ್ನೊಂದಕ್ಕೆ ಸಿಡಿ4 ಎಷ್ಟೇ ಇದ್ದರೂ ಎಚ್‌ಐವಿ ಮಾತ್ರೆ, ಆಪ್ತ ಸಮಾಲೋಚನೆ, ಜೊತೆಗೆ ಆಸ್ಪತ್ರೆಯ ಓಡಾಟದಲ್ಲಿ ಕೈಹಿಡಿದು ನಡೆಸುವ ಒಬ್ಬ ಸಹಾಯಕ. ವರ್ಷದ ಕೊನೆಗೆ ವೈರಸ್ ಹತೋಟಿಗೆ ಬಂದವರು ಮೊದಲ ಗುಂಪಿನಲ್ಲಿ ಶೇ 24, ಎರಡನೆಯದರಲ್ಲಿ ಶೇ 41. ಸತ್ತವರು ಶೇ 15 ಮತ್ತು ಶೇ 7. ಶೇ 41 ಎಂದರೆ ಹಿಗ್ಗುವ ಸಂಖ್ಯೆಯಲ್ಲ, ನಿಜ. ಆದರೆ ಸಾವು ಅರ್ಧಕ್ಕೆ ಇಳಿಸಿದ್ದು ಹೊಸ ಔಷಧಿಯಲ್ಲ, ಕಾಯಿಸದೆ ಕೊಟ್ಟ ಮಾತ್ರೆ, ಸಮಾಲೋಚನೆ ಮತ್ತು ಜೊತೆಗೆ ನಡೆದ ಒಬ್ಬ ಮನುಷ್ಯ.

ಹೆರಾಯಿನ್ ಬದಲಿಗೆ ವೈದ್ಯರ ನಿಗಾದಲ್ಲಿ ಕೊಡುವ ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್ ಔಷಧಿ ಸಿಗುವುದಾದರೆ ಅದನ್ನೂ ಕೇಳಿ. ಅದರಲ್ಲಿರುವವರು ಎಚ್‌ಐವಿ ಚಿಕಿತ್ಸೆಯಲ್ಲಿಯೂ ಹೆಚ್ಚು ಕಾಲ ಉಳಿಯುತ್ತಾರೆ. ಒಂದನ್ನು ಮುಗಿಸಿ ಇನ್ನೊಂದು ಎಂದಲ್ಲ, ಎರಡೂ ಒಟ್ಟಿಗೆ ನಡೆಯಬಹುದು.

ಮೆಥಡೋನ್ ತೆಗೆದುಕೊಳ್ಳುವವರ ಹೆಂಡತಿ

ಮೇಲಿನ ಮಾತಿಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ, ಏಕೆಂದರೆ ನಮಗೆ ಇದನ್ನು ಯಾರೂ ಹೇಳಲಿಲ್ಲ. ಮೆಥಡೋನ್ ಮೇಲೆ ನೆಮ್ಮದಿಯಾಗಿದ್ದ ನನ್ನ ಗಂಡನಿಗೆ ಕ್ಷಯ ಬಂತು, ಅದರ ಔಷಧಿ ರಿಫಾಂಪಿಸಿನ್ ಶುರುವಾಯಿತು. ಒಂದು ವಾರ ಕಳೆಯುವುದರೊಳಗೆ ರಾತ್ರಿಯೆಲ್ಲ ಬೆವರು, ಬಿಡದ ಆಕಳಿಕೆ, ತೋಳಿನ ಮೇಲೆ ಎದ್ದು ನಿಂತ ರೋಮ. ಕಾಲು ಒದೆದು ಒದೆದು ಹೊದಿಕೆ ನೆಲದ ಮೇಲೆ. "ಡೋಸ್ ಹೆಚ್ಚಿಸಿಕೊಳ್ಳಲು ನಾಟಕ" ಎಂದರು. ನನಗೂ ಹಾಗೇ ಅನ್ನಿಸಿತ್ತು. ಇವತ್ತಿಗೂ ಆ ಪಾಪ ಕಾಡುತ್ತದೆ. ಯಾವಾಗ ಏನಾಯಿತು ಎಂದು ಕ್ಯಾಲೆಂಡರ್ ಹಿಂದೆ ಬರೆದಿಟ್ಟು ತೋರಿಸಿದ ಮೇಲೆ ವೈದ್ಯರಿಗೆ ಹೊಳೆಯಿತು: ರಿಫಾಂಪಿಸಿನ್ ಇದ್ದಾಗ ದೇಹ ಮೆಥಡೋನನ್ನು ಬೇಗ ಕರಗಿಸಿಬಿಡುತ್ತದೆ. ಎಚ್‌ಐವಿಗೆ ಕೊಡುವ ಎಫಾವಿರೆಂಜ್, ನೆವಿರಪಿನ್ ಮಾತ್ರೆಗಳದ್ದೂ ಇದೇ ಕಥೆ. ಮೆಥಡೋನ್ ಹೆಚ್ಚಿಸಿದರು, ನಿದ್ದೆ ಬಂತು.

ಎಚ್‌ಐವಿಯದೇ ಇನ್ನೊಂದು ಮಾತ್ರೆ ಡೊಲುಟೆಗ್ರಾವಿರ್ ಮೆಥಡೋನ್ ತಂಟೆಗೆ ಹೋಗುವುದಿಲ್ಲ. ಆದರೆ ರಿಫಾಂಪಿಸಿನ್ ಜೊತೆ ಅದನ್ನು ದಿನಕ್ಕೆ ಎರಡು ಬಾರಿ ಕೊಡಬೇಕಾಗುತ್ತದೆ. ಹೊಟ್ಟೆಯುರಿಯ ಆಂಟಾಸಿಡ್ ತೆಗೆದುಕೊಳ್ಳುವುದಿದ್ದರೆ ಅದಕ್ಕೆ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ಡೊಲುಟೆಗ್ರಾವಿರ್ ನುಂಗಬೇಕು. ತಮ್ಮ ಏನೇನು ತೆಗೆದುಕೊಳ್ಳುತ್ತಾನೋ, ಬೀದಿಯದ್ದೂ ಸೇರಿ, ಎಲ್ಲವನ್ನೂ ವೈದ್ಯರಿಗೆ ಹೇಳಿ.

ಅಣ್ಣನನ್ನು ಕಳೆದುಕೊಂಡವನು

ಎಲ್ಲರೂ ದಡ ಸೇರಿದ ಕಥೆ ಹೇಳುತ್ತಿದ್ದೀರಿ. ನನ್ನ ಅಣ್ಣನ ವೈರಲ್ ಲೋಡ್ ಕೂಡ ಪತ್ತೆಯಾಗದಷ್ಟು ಇಳಿದಿತ್ತು. ಐದು ತಿಂಗಳು ಜೈಲಿನಲ್ಲಿದ್ದ, ಬಿಡುಗಡೆಯಾದ ನಾಲ್ಕನೆಯ ದಿನ ಹಳೆಯ ಅಳತೆಯಲ್ಲೇ ಚುಚ್ಚಿಕೊಂಡ. ದೇಹಕ್ಕೆ ಆ ಅಭ್ಯಾಸ ತಪ್ಪಿಹೋಗಿತ್ತು. ಎಚ್‌ಐವಿ ಅವನನ್ನು ಕೊಲ್ಲಲಿಲ್ಲ.

ಜೈಲು, ಪುನರ್ವಸತಿ ಕೇಂದ್ರ, ಆಸ್ಪತ್ರೆ ವಾಸ, ಯಾವುದೇ ಬಿಡುವಿನ ನಂತರದ ಎರಡು ವಾರ ತೀರಾ ಅಪಾಯದ್ದು. ಹೆರಾಯಿನ್ ಅತಿಯಾದಾಗ ಅದರ ಪರಿಣಾಮ ಇಳಿಸುವ ನ್ಯಾಲೋಕ್ಸೋನ್ ಸಿಕ್ಕರೆ ಮನೆಯಲ್ಲಿಟ್ಟು ಕೊಡುವುದನ್ನು ಕಲಿಯಿರಿ. ಅದು ಕೆಲಸ ಮಾಡುವುದು ಪಕ್ಕದಲ್ಲಿ ಇನ್ನೊಬ್ಬರು ಇದ್ದಾಗ ಮಾತ್ರ. ಅಣ್ಣ ಬಾಗಿಲು ಹಾಕಿಕೊಂಡಿದ್ದ.

ನರ್ಸ್

ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಜೊತೆಗೇ ಮಾಡಿಸಿ. ಸಿ ಇದ್ದರೆ ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ವಾರಗಳ ಮಾತ್ರೆಯಲ್ಲಿ ನೂರಕ್ಕೆ ತೊಂಬತ್ತೈದು ಜನ ಗುಣವಾಗುತ್ತಾರೆ. ಬಿ ಇದ್ದರೆ ಎಚ್‌ಐವಿ ಔಷಧಿಯಾದ ಟೆನೊಫೊವಿರ್ ಅದನ್ನೂ ಹಿಡಿದಿಡುತ್ತದೆ, ಥಟ್ಟನೆ ನಿಲ್ಲಿಸಿದರೆ ಮಾತ್ರ ಯಕೃತ್ತು ಕೆರಳುತ್ತದೆ.

ಇನ್ನೊಂದು ಮಾತು. ವೈರಸ್ ಪತ್ತೆಯಾಗದಷ್ಟು ಇಳಿದರೆ ಲೈಂಗಿಕ ಸಂಪರ್ಕದಿಂದ ಎಚ್‌ಐವಿ ಹರಡುವುದಿಲ್ಲ. ಈ ಖಾತ್ರಿ ಸೂಜಿ ಹಂಚಿಕೊಳ್ಳುವುದಕ್ಕೆ ಇಲ್ಲ. ಪ್ರತಿ ಸಲವೂ ಹೊಸ ಸೂಜಿ, ಹೊಸ ಸಿರಿಂಜ್.

ಪ್ರಶ್ನೆ ಕೇಳಿದವಳು

ಎಲ್ಲವನ್ನೂ ಅವನ ಪಕ್ಕದಲ್ಲಿ ಕುಳಿತು ಓದಿದೆ. ಅಣ್ಣನ ಕಥೆ ಬಂದಾಗ ಎದ್ದು ಹೋದ, ಸ್ವಲ್ಪ ಹೊತ್ತಿಗೆ ತಾನಾಗಿಯೇ ಬಂದು ಕುಳಿತ. ನಾಳೆ ಬೇರೆ ವೈದ್ಯರ ಬಳಿ ಹೋಗುತ್ತಿದ್ದೇವೆ. ಕಿಟಕಿಯ ಹತ್ತಿರ ನಾನು ನಿಲ್ಲಬೇಕಂತೆ, ಅವನು ಉದ್ದ ತೋಳಿನ ಅಂಗಿ ಹಾಕಿಕೊಂಡು ಬೆಂಚಿನ ಮೇಲೆ ಕೂರುತ್ತಾನಂತೆ. ಆಗಲಿ ಎಂದಿದ್ದೇನೆ.