ಸಹಾಯ ಬೇಕು: ಒಂದನೇ ಲೆವೆಲ್‌ನ ರಟಾಟಾಗಳಿಂದ ಸಿಂಥಿಯಾಳನ್ನು ಸೋಲಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಪೋಕೆಮಾನ್ ಡೈಮಂಡ್ ಎಂಬ ವಿಡಿಯೊ ಗೇಮ್‌ನ ಚಾಂಪಿಯನ್ ಸಿಂಥಿಯಾಳನ್ನು ಒಂದನೇ ಲೆವೆಲ್‌ನ ಆರು ರಟಾಟಾಗಳಿಂದಲೇ (ಇಲಿಯಂಥ ದುರ್ಬಲ ಪೋಕೆಮಾನ್) ಸೋಲಿಸಬೇಕೆಂಬುದು ನನ್ನ ಬಹುದಿನಗಳ ಆಸೆ. ಫೋಕಸ್ ಸ್ಯಾಶ್ (ಒಂದೇ ಹೊಡೆತಕ್ಕೆ ಬೀಳದಂತೆ ಕಾಯುವ ವಸ್ತು) ಹಿಡಿದ ರಟಾಟಾ ಮೊದಲ ಹೊಡೆತಕ್ಕೆ 1 ಎಚ್‌ಪಿ (ಪ್ರಾಣಬಲದ ಅಂಕ) ಉಳಿಸಿಕೊಂಡು, ಎಂಡೆವರ್ ಎಂಬ ದಾಳಿಯಿಂದ ಎದುರಾಳಿಯನ್ನೂ 1 ಎಚ್‌ಪಿಗೆ ಇಳಿಸಿ, ಮರುಸರದಿಯಲ್ಲಿ ಕ್ವಿಕ್ ಅಟ್ಯಾಕ್ ದಾಳಿಯಿಂದ ಮೊದಲೇ ಹೊಡೆದು ಮುಗಿಸುತ್ತದೆ. ಈ ಉಪಾಯ ಅವಳ 66ನೇ ಲೆವೆಲ್‌ನ ಪೋಕೆಮಾನ್ ಗಾರ್ಚಾಂಪ್‌ನ ಮೇಲೂ ನಡೆಯುತ್ತದೆ ಎಂಬುದೇ ನನಗೆ ಇದರ ಸೊಬಗು.

ಆದರೆ ಅವಳು ಮೊದಲು ಕಳುಹಿಸುವ ಪೋಕೆಮಾನ್ ಸ್ಪಿರಿಟೂಂಬ್ ಘೋಸ್ಟ್ ಮತ್ತು ಡಾರ್ಕ್ ಬಗೆಯದಾದ್ದರಿಂದ, ನಾರ್ಮಲ್ ಬಗೆಯ ಈ ಎರಡು ದಾಳಿಗಳೂ ಅದಕ್ಕೆ ತಾಗುವುದೇ ಇಲ್ಲ. ವಿಷವೇರಿಸುವ ಟಾಕ್ಸಿಕ್ ದಾಳಿ ಹಾಕಿ, ಬಿದ್ದ ರಟಾಟಾಗಳನ್ನು ರಿವೈವ್‌ನಿಂದ ಎಬ್ಬಿಸುತ್ತ ಕಾಲ ತಳ್ಳಲು ನೋಡಿದೆ. ಟಾಕ್ಸಿಕ್ ಗುರಿ ತಪ್ಪದಿದ್ದರೂ ಅವಳು ಫುಲ್ ರಿಸ್ಟೋರ್ ಎಂಬ ಔಷಧಿ ಬಳಸಿದ ಕೂಡಲೇ ವಿಷ ಇಳಿದುಹೋಗುತ್ತದೆ. ಅಷ್ಟರಲ್ಲಿ ನನ್ನ ಸ್ಯಾಶ್‌ಗಳು ಖರ್ಚಾಗಿರುತ್ತವೆ, ಒಮ್ಮೆ ಬಳಕೆಯಾದದ್ದು ಆ ಯುದ್ಧದಲ್ಲಿ ಮರಳುವುದಿಲ್ಲ.

ತಂಡದ ಲೆವೆಲ್ ಏರಿಸದೆ ಸ್ಪಿರಿಟೂಂಬ್ ಅನ್ನು ದಾಟಿದವರು ಇದ್ದರೆ ದಯವಿಟ್ಟು ತಿಳಿಸಿ. ಒಂದು ರಟಾಟಾದ ಬದಲು ಅಷ್ಟೇ ದುರ್ಬಲವಾದ ಬೇರೊಂದನ್ನು ಸೇರಿಸಲು ನಾನು ಸಿದ್ಧ. ಯಾವುದು, ಯಾವ ದಾಳಿಗಳೊಂದಿಗೆ ಎಂದು ವಿವರವಾಗಿ ಬರೆದರೆ ತುಂಬಾ ಉಪಕಾರವಾಗುತ್ತದೆ.