ಸಮಸ್ಯಾಪೂರಣ: 1889ರ ಏಪ್ರಿಲ್, ನಗೆಯೂ ಹಗೆಯೂ
(ಪೃಚ್ಛಕ ಸಮಸ್ಯೆ ಕೊಡುವವರು. ಒಳಪ್ರಾಸ, ಮಾತ್ರೆಗೋಲು, ಕಹಳೆ, ಪಂಚಾಂಗಿ ಇವು ಭಾಗವಹಿಸಿದವರ ಅಡ್ಡಹೆಸರು.)

ಪೃಚ್ಛಕ:
ಈ ಸಲದ ಸಮಸ್ಯೆ ಕಂದಪದ್ಯದ ನಾಲ್ಕನೆಯ ಪಾದ, ಮೊದಲ ಮೂರನ್ನು ನೀವು ಹೊಸೆದು ಅರ್ಥ ಕೂಡಿಸಬೇಕು:

ಅಳುತಳುತಂ ಹುಟ್ಟಿತಲ್ತೆ ನಗೆಯುಂ ಹಗೆಯುಂ

ಸಾಮಗ್ರಿಯೆಲ್ಲ 1889ರ ಏಪ್ರಿಲ್ ತಿಂಗಳಿನದೇ ಆಗಿರಬೇಕು. 9ರಂದು ಪ್ಯಾರಿಸ್ಸಿನಲ್ಲಿ ರಸಾಯನಜ್ಞ ಶೆವ್ರಲ್ ತೀರಿಕೊಂಡರು. 15ರಂದು ಹವಾಯಿಯ ಮೊಲೊಕಾಯ್ ದ್ವೀಪದಲ್ಲಿ ಪಾದ್ರಿ ದಾಮಿಯನ್. 16ಕ್ಕೆ ಚಾರ್ಲಿ ಚಾಪ್ಲಿನ್ ಜನನ, 20ಕ್ಕೆ ಹಿಟ್ಲರ್, 26ಕ್ಕೆ ವಿಯೆನ್ನಾದಲ್ಲಿ ತತ್ತ್ವಜ್ಞ ವಿಟ್ಗೆನ್‌ಸ್ಟೈನ್, 28ಕ್ಕೆ ಪೋರ್ಚುಗಲ್ಲಿನ ಸರ್ವಾಧಿಕಾರಿ ಸಲಜಾರ್. 22ರ ಮಧ್ಯಾಹ್ನ ಅಮೆರಿಕದ ಒಕ್ಲಹೋಮದಲ್ಲಿ ಭೂಮಿಗಾಗಿ ನಡೆದ ಓಟ. ಐಫೆಲ್ ಗೋಪುರವನ್ನು ಯಾರೂ ತರಬೇಡಿ. ಅದರ ಉದ್ಘಾಟನೆ ಮಾರ್ಚ್ 31ಕ್ಕೆ, ಜನರಿಗೆ ಬಾಗಿಲು ತೆರೆದದ್ದು ಮೇ ತಿಂಗಳಲ್ಲಿ. ಏಪ್ರಿಲ್ ಎರಡರ ನಡುವೆ ಖಾಲಿ ಬಿದ್ದಿದೆ.

ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು, ಕಂದದ ಗಣಕ್ಕೆ ನಾಲ್ಕು. ಗಣ ಹೀಗೆ: ಅಳುತಳು | ತಂ ಹುಟ್ | ಟಿತಲ್ತೆ | ನಗೆಯುಂ | ಹಗೆಯುಂ. ಮೂರನೆಯದು, ಅಂದರೆ ಉತ್ತರಾರ್ಧದ ಆರನೆಯ ಗಣ, ಜಗಣ (ಲಘು, ಗುರು, ಲಘು). ನಿಮ್ಮ ಪೂರ್ವಾರ್ಧದ ಆರನೆಯದೂ ಜಗಣವೋ ಸರ್ವಲಘುವೋ (ನಾಲ್ಕೂ ಲಘು) ಆಗಿರಲೇಬೇಕು. ಬೆಸಸ್ಥಾನದಲ್ಲಿ (1, 3, 5, 7ನೆಯ ಗಣದಲ್ಲಿ) ಜಗಣ ಬಂದರೆ ಪದ್ಯ ವಾಪಸ್ಸು. ಪ್ರಾಸಾಕ್ಷರ (ಪ್ರತಿ ಪಾದದ ಎರಡನೆಯ ಅಕ್ಷರ) ಳ, ಅದರ ಹಿಂದೆ ಲಘು. ಹಳಗನ್ನಡದ ಕಟ್ಟುನಿಟ್ಟಿಗೆ ಹೋದರೆ ‘ಅಳು’ವಿನದು ರಳ ಎಂಬ ಹಳೆಯ ಅಕ್ಷರ (ಅೞು), ‘ಎಳೆ’ ಬರಿಯ ಳ, ಎರಡೂ ಕೂಡುವುದಿಲ್ಲ. ಇಲ್ಲಿ ಇಂದಿನ ಉಚ್ಚಾರಣೆಯೇ ಪ್ರಮಾಣ.

ಒಳಪ್ರಾಸ:
ಒಳಗೇರಿಯ ಲಂಡನ್ನೊಳ್
ಬಳಿಕಂ ನಾಲ್ದಿನಕೆ ಮತ್ತೆ ಬ್ರಾನೌಪುರದೊಳ್
ಎಳೆಗೂಸುಗಳಂದದೆ ಹಾ
ಅಳುತಳುತಂ ಹುಟ್ಟಿತಲ್ತೆ ನಗೆಯುಂ ಹಗೆಯುಂ

ನಗೆ ಅಳುವುದು ಹೇಗೆ ಎನ್ನುವುದೇ ಸಮಸ್ಯೆಯ ಗಂಟು. ಜಗತ್ತನ್ನು ನಗಿಸಿದವನೂ ಹುಟ್ಟುವಾಗ ಅತ್ತೇ ಹುಟ್ಟಿದ. ಲಂಡನ್ನಿನ ದಕ್ಷಿಣಕ್ಕೆ ವಾಲ್ವರ್ತಿನ ಬೀದಿಯೊಂದರಲ್ಲಿ ಚಾಪ್ಲಿನ್, ನಾಲ್ಕು ದಿನ ಕಳೆದು ಆಸ್ಟ್ರಿಯಾದ ಬ್ರಾನೌವಿನಲ್ಲಿ ಇನ್ನೊಬ್ಬ.

ಮಾತ್ರೆಗೋಲು:
ಗಂಟು ಬಿಡಿಸಿದ ರೀತಿ ಚೆನ್ನ. ಆದರೆ ಎರಡನೆಯ ಪಾದ ಕುಂಟುತ್ತಿದೆ. ‘ಕೆ ಮತ್ತೆ’ ಜಗಣ ಅಂತ ಎಣಿಸಿದ್ದೀರಿ. ‘ತೆ’ ಆದಮೇಲೆ ‘ಬ್ರಾ’ ಎಂಬ ಒತ್ತಕ್ಷರ ಬಂದಿರುವುದರಿಂದ ‘ತೆ’ ಗುರುವಾಯಿತು. ಗಣ ಐದು ಮಾತ್ರೆಗೆ ಉಬ್ಬಿತು, ಜಗಣವೂ ಹೋಯಿತು. ಶಿಥಿಲದ್ವಿತ್ವ (ಒತ್ತಕ್ಷರವನ್ನು ತೇಲಿಸಿ ಹಿಂದಿನದನ್ನು ಲಘುವಾಗಿಯೇ ಉಳಿಸುವುದು) ಅಂತ ಇದನ್ನು ತೇಲಿಸಲು ಆಗದು, ಅದು ಎರ್ದೆ, ಅಮರ್ದಿನಂಥ ಕನ್ನಡದ ಮಾತುಗಳ ಸವಲತ್ತು. ಪರದೇಶದ ಹೆಸರಿಟ್ಟಾಗ ಆಗುವ ತಪ್ಪುಗಳಲ್ಲಿ ಅರ್ಧಕ್ಕರ್ಧ ಇದೇ: ಹೆಸರಿನೊಳಗಿನ ಮಾತ್ರೆ ಎಣಿಸುತ್ತಾರೆ, ಹೆಸರು ತನ್ನ ಹಿಂದಿನ ಅಕ್ಷರಕ್ಕೆ ಏನು ಮಾಡಿತು ಅಂತ ನೋಡುವುದಿಲ್ಲ.

ಊರಿನ ಹೆಸರು ಬಿಟ್ಟು ನದಿಯನ್ನು ಹಿಡಿಯಿರಿ. ಬ್ರಾನೌ ಇರುವುದು ಇನ್ ನದಿಯ ದಡದಲ್ಲಿ, ಆಚೆ ದಡ ಜರ್ಮನಿ:

ಬಳಿಕಂ ನಾಲ್ದಿನಕೆ ಮತ್ತೆಯಿನ್ನದಿತಟದೊಳ್

ಬಳಿಕಂ | ನಾಲ್ದಿನ | ಕೆ ಮತ್ತೆ | ಯಿನ್ನದಿ | ತಟದೊಳ್. ಈಗ ಸರಿ.

ಮೂರನೆಯ ಪಾದದ ‘ಹಾ’ ಎರಡು ಮಾತ್ರೆ ತುಂಬಲು ಬಂದ ಹಾಗಿದೆ. ‘ಎಳೆಗೂಸುಗಳೆರಡೊಡಲೊಳ್’ ಅಂದರೆ ಹೇಗೆ?

ಪೃಚ್ಛಕ:
ಹಾಗೆ ಮಾಡಿದರೆ ಮುಂದಿನ ಪಾದ ‘ಅ’ದಿಂದ ಶುರುವಾಗುವುದರಿಂದ ಸಂಧಿಯಾಗಿ ‘ಒಡಲೊಳಳುತಳುತಂ’ ಆಗುತ್ತದೆ. ‘ಳ್’ ನಾಲ್ಕನೆಯ ಪಾದಕ್ಕೆ ಜಾರಿ ಮೂರನೆಯ ಪಾದದ ಕೊನೆಯ ಗಣ ಮೂರೇ ಮಾತ್ರೆಗೆ ಇಳಿಯುತ್ತದೆ. ಸಂಧಿ ಮಾಡದೆ ಬಿಟ್ಟರೆ ವಿಸಂಧಿ ದೋಷ. ಸಮಸ್ಯೆಯ ಪಾದ ಸ್ವರದಿಂದ ತೊಡಗಿದಾಗಲೆಲ್ಲ ಇದೇ ಇಕ್ಕಟ್ಟು. ಹಾ, ಅಯ್ಯೋ, ಅಕಟಾ ಮುಂತಾದ ಭಾವಸೂಚಕ ಅವ್ಯಯಗಳ ಮುಂದೆ ಸ್ವರ ಬಂದರೆ ಸಂಧಿಯಿಲ್ಲ, ಪ್ರಕೃತಿಭಾವ. ಆದ್ದರಿಂದ ಆ ‘ಹಾ’ ಅಲ್ಲೇ ಇರಲಿ. ಪೂರ್ವಾರ್ಧ ಮುಗಿದ ಕಡೆ ‘ತಟದೊಳ್’, ‘ಎಳೆ’ ಬೇರೆಬೇರೆ ನಿಂತದ್ದಕ್ಕೆ ತಕರಾರಿಲ್ಲ.

ಒಂದು ಎಚ್ಚರಿಕೆ: ಚಾಪ್ಲಿನ್ನರ ಜನನಪತ್ರ ಸಿಕ್ಕಿಲ್ಲ, 16 ಎನ್ನುವುದು ರೂಢಿಯಲ್ಲಿ ನಿಂತ ದಿನ. ‘ನಾಲ್ದಿನ’ ನಿಂತಿರುವುದು ಆ ರೂಢಿಯ ಮೇಲೆ.

ಕಹಳೆ:
ಇಳೆಗಾಗಿ ಕುದುರೆಸಾಲೊಳ್
ಬಳಿನಿಂದರ್ ನಡುಹಗಲ್ಗೆ ಕಹಳೆಗೆ ಕಾಯ್ದರ್
ಗಳಿಸಲ್ ಕಳೆಯಲ್ಕಯ್ಯೋ
ಅಳುತಳುತಂ ಹುಟ್ಟಿತಲ್ತೆ ನಗೆಯುಂ ಹಗೆಯುಂ

ಏಪ್ರಿಲ್ 22, ಸೋಮವಾರ, ಹನ್ನೆರಡು ಗಂಟೆ. ಸುಮಾರು 50,000 ಜನ ಗಡಿಗೆರೆಯಲ್ಲಿ ನಿಂತಿದ್ದರು. ಎದುರಿಗೆ ಸುಮಾರು 20 ಲಕ್ಷ ಎಕರೆ, ಮೊದಲು ಗೂಟ ನೆಟ್ಟವರಿಗೆ ತಲಾ 160 ಎಕರೆ. ಆ ನೆಲ ಹಿಂದೆ ಕ್ರೀಕ್ ಮತ್ತು ಸೆಮಿನೋಲ್ ಮೂಲನಿವಾಸಿಗಳಿಂದ ಸರ್ಕಾರ ಬರೆಸಿಕೊಂಡದ್ದು. ಕಹಳೆಗೆ ಮುಂಚೆಯೇ ನುಸುಳಿ ಪೊದೆಯಲ್ಲಿ ಅಡಗಿದ್ದವರಿಗೆ ‘ಸೂನರ್’ ಎಂಬ ಹೆಸರು ಬಿತ್ತು. ಒಂದೇ ತುಂಡಿಗೆ ಇಬ್ಬರು ಗೂಟ ನೆಟ್ಟ ಕಡೆ ವ್ಯಾಜ್ಯ.

ಮಾತ್ರೆಗೋಲು:
ಛಂದಸ್ಸಿನಲ್ಲಿ ಕೂದಲು ಸೀಳಲೂ ಜಾಗವಿಲ್ಲ. ‘ಒಕ್ಲಹೋಮ’ ಎಂಬ ಹೆಸರನ್ನು ತರದೆ ಬಿಟ್ಟದ್ದು ಜಾಣತನ. ಅದು ಗುರು, ಲಘು, ಗುರು, ಲಘು. ಗಣದ ಮೊದಲಲ್ಲಿಟ್ಟರೆ ‘ಹೋ’ ನಾಲ್ಕು ಮಾತ್ರೆಯ ಗಡಿಯ ಮೇಲೆ ಕಾಲು ಹಾಕುತ್ತದೆ. ಒಂದು ಲಘು ಕಳೆದು ಇಟ್ಟರೆ ಅದರೊಡನೆ ‘ಒಕ್ಲ’ ಸೇರಿ ಜಗಣ. ಎರಡು ಮಾತ್ರೆ ಕಳೆದು ಇಟ್ಟರೆ ‘ಲಹೋಮ’ ಜಗಣ. ಎಲ್ಲಿ ಕೂರಿಸಿದರೂ ಒಂದು ಜಗಣ ಬಂದೇ ತೀರುತ್ತದೆ, ಹಾಗಾಗಿ ಸಮಸ್ಥಾನದಲ್ಲಿ ಮಾತ್ರ ಕೂರಿಸಬಹುದು. ವಿಟ್ಗೆನ್‌ಸ್ಟೈನ್ ಮೂರು ಗುರು, ಹೇಗಿಟ್ಟರೂ ಒಂದು ಗಣದಿಂದ ಹೊರಗೆ ಚಾಚುತ್ತದೆ, ಆದರೆ ಕೆಡಿಸುವುದಿಲ್ಲ. (ಹಿಟ್ಲರನೂ ಅವರೂ ಲಿಂಟ್ಸಿನ ಒಂದೇ ಶಾಲೆಯಲ್ಲಿದ್ದರು, ಬೇರೆ ತರಗತಿ. ವಯಸ್ಸಿನಲ್ಲಿ ಆರೇ ದಿನದ ಅಂತರ. ಯಾರಾದರೂ ಕೈಹಾಕಿ ನೋಡಿ.)

ಆದರೆ ಪೂರಣ ಅರ್ಧ ಮಾತ್ರ ಆಗಿದೆ. ಕಳೆದುಕೊಂಡವರ ಅಳುವಿನಿಂದ ಹಗೆ ಹುಟ್ಟಿತು, ಒಪ್ಪೋಣ. ಗಳಿಸಿದವರ ನಗೆ ಯಾಕೆ ಅತ್ತಿತು? ‘ಅಳುತಳುತಂ’ ಎರಡಕ್ಕೂ ಅನ್ವಯಿಸಬೇಕು. ಆರೋಪ ನಿಂತಿರುವುದು ಒಂದೇ ಕಾಲಿನ ಮೇಲೆ.

ಪಂಚಾಂಗಿ:
ಬಳಿಸಾರೆ ವಿರೋಧಿಯ ಹೊಸ
ಬೆಳಕಿನ ಚೈತ್ರಂ ವಿರೋಧಮನೆ ಸಾರಿದುದೇಂ
ತಿಳಿಯದ ಜಗದೊಳಗಕಟಾ
ಅಳುತಳುತಂ ಹುಟ್ಟಿತಲ್ತೆ ನಗೆಯುಂ ಹಗೆಯುಂ

1889ರ ಯುಗಾದಿಗೆ ತೊಡಗಿದ್ದು ವಿರೋಧಿ ಸಂವತ್ಸರ. 2009ರದೂ ಅದೇ ಹೆಸರು, ಅರವತ್ತರ ಎರಡು ಸುತ್ತು ಹಿಂದಕ್ಕೆ ಎಣಿಸಿದರೆ ಸಿಗುತ್ತದೆ. ಚಾಪ್ಲಿನ್ ಹುಟ್ಟಿದ್ದು ಚೈತ್ರದ ಹುಣ್ಣಿಮೆಯ ಆಸುಪಾಸು, ಹಿಟ್ಲರ್ ಅದೇ ಚೈತ್ರದ ಬಹುಳದಲ್ಲಿ.

ಪೃಚ್ಛಕ:
ಇದಕ್ಕೆ ಈ ಸಲದ ಮಣೆ. ಒಂದು ಪರದೇಶದ ಹೆಸರಿಲ್ಲ, ಆದರೂ ತಿಂಗಳು ಖಚಿತ. ವಿರೋಧಾಭಾಸದ ಸಮಸ್ಯೆಗೆ ಸಂವತ್ಸರವೇ ಉತ್ತರ ಹೇಳಿತು. ‘ಚೈತ್ರಂ ವಿರೋಧ’ ಎನ್ನುವಲ್ಲಿ ಜಗಣವೂ ಶ್ಲೇಷವೂ ಒಂದೇ ಜಾಗಕ್ಕೆ ಬಂದು ಕೂತಿವೆ. ಮೀಸೆಯ ಮೇಲೆ ಬಂದ ಎರಡು ಪೂರಣಗಳನ್ನು ಇಲ್ಲಿಗೆ ತಂದಿಲ್ಲ: ಚಾಪ್ಲಿನ್ನರದು 1914ರಿಂದೀಚೆಗೆ ಅಂಟಿಸಿಕೊಂಡ ಮೀಸೆ, ತೊಟ್ಟಿಲಲ್ಲಿ ಇದ್ದದ್ದಲ್ಲ.

ಮಾತ್ರೆಗೋಲು:
ಸಾವಿನ ಕಡೆಗೂ ಒಂದು ಇರಲಿ. ಸಮಸ್ಯೆ: ‘ಮೇಣಂ ನೂರೆರಡು ವರ್ಷಮುರಿದಾರಿತ್ತಯ್’. ಗುರು, ಆಮೇಲೆ ಣ.

ಒಳಪ್ರಾಸ:
ಜಾಣಂ ಶೆವ್ರಲ್ ಕೊಬ್ಬಿಂ
ಕಾಣಿಸೆ ಬೆಳಕಂ ಜಗಕ್ಕೆ ಪೊಗೆಯಿಲ್ಲದವೊಲ್
ಪ್ರಾಣಮೆ ಬತ್ತಿಯೆನಲ್ ತಾಂ
ಮೇಣಂ ನೂರೆರಡು ವರ್ಷಮುರಿದಾರಿತ್ತಯ್

ಹುಟ್ಟಿದ್ದು 1786ರ ಆಗಸ್ಟ್ 31, ಆರಿದ್ದು 1889ರ ಏಪ್ರಿಲ್ 9. ನೂರೆರಡು ತುಂಬಿ ಏಳು ತಿಂಗಳು. ಪ್ರಾಣಿಯ ಕೊಬ್ಬನ್ನು ಕ್ಷಾರದಲ್ಲಿ ಕುದಿಸಿದರೆ ಅದು ಕೊಬ್ಬಿನಾಮ್ಲ ಮತ್ತು ಗ್ಲಿಸರಿನ್ ಆಗಿ ಒಡೆಯುತ್ತದೆ ಎಂದು ತೋರಿಸಿದವರು ಇವರೇ. ಹಳೆಯ ಕೊಬ್ಬಿನ ದೀಪ ಕಮಟು ನಾರುತ್ತಿದ್ದದ್ದು ಆ ಗ್ಲಿಸರಿನ್ ಸುಟ್ಟು. ಅದನ್ನು ತೆಗೆದು ಉಳಿದ ಸ್ಟಿಯರಿಕ್ ಆಮ್ಲದ ಬತ್ತಿ ಗಟ್ಟಿ, ಹೊಗೆ ಕಡಿಮೆ. ಶುದ್ಧವಾಗಿದ್ದರೆ ಕರಗುವುದು ಸುಮಾರು 69 ಡಿಗ್ರಿಗೆ. 1825ರಲ್ಲಿ ಗೇ-ಲುಸಾಕ್ ಜತೆ ಇದಕ್ಕೆ ಪೇಟೆಂಟ್ ಪಡೆದರು.

ಪೃಚ್ಛಕ:
‘ತಾಂ’ ಹೊರತು ಎಲ್ಲ ಗಟ್ಟಿ. ಅಂದಹಾಗೆ ಐಫೆಲ್ ಗೋಪುರದ ಮೇಲೆ ಬರೆದ 72 ಹೆಸರುಗಳಲ್ಲಿ ಶೆವ್ರಲ್ ಅವರದೂ ಒಂದು. ಗೋಪುರವನ್ನು ಹೊರಗಿಟ್ಟದ್ದು ನಾನೇ, ಹಿಂಬಾಗಿಲಿನಿಂದ ಒಳಗೆ ಬಂತು.

ಮುಂದಿನದು ದಾಮಿಯನ್ನರಿಗೆ. ಬೆಲ್ಜಿಯಮ್ಮಿನ ಪಾದ್ರಿ, 1873ರಲ್ಲಿ ಮೊಲೊಕಾಯ್‌ನ ಕುಷ್ಠರೋಗಿಗಳ ವಸತಿಗೆ ಹೋದರು, ಅಲ್ಲೇ ರೋಗ ತಗುಲಿ 49ನೆಯ ವಯಸ್ಸಿಗೆ ತೀರಿಕೊಂಡರು. ಪಾದ ಇದು:

ಕುಷ್ಠಂ ಬಂದಂದು ಪೂರ್ಣನಾದಂ ವೈದ್ಯಂ

ಪ್ರಾಸ ಷ್ಠ, ಮಹಾಪ್ರಾಣವೇ ಆಗಬೇಕು. ಇಷ್ಟ, ಕಷ್ಟ, ನಷ್ಟ ತಂದವರಿಗೆ ಪ್ರವೇಶವಿಲ್ಲ. ನಿಷ್ಠೆ, ನಿಷ್ಠುರ, ಗೋಷ್ಠಿ, ಕಾಷ್ಠ ಇವೆ. ಮೂರು ಪಾದಕ್ಕೆ ಮೂರು ಸಾಕು.