ಸಹಾಯ ಬೇಕು: ದಾವಣಗೆರೆ ಹೊರಗೆ ಓಡಲು ಒಳ್ಳೆ ಮಣ್ಣಿನ ದಾರಿ

ಎಲ್ಲರಿಗೂ ನಮಸ್ಕಾರ. ದಾವಣಗೆರೆ ಕಡೆ ಓಡುವವರು ಯಾರಾದರೂ ಇದ್ದೀರಾ? ಮೊದಲ ಹಾಫ್ ಮ್ಯಾರಥಾನ್‌ಗೆ ತಯಾರಿ ಮಾಡುತ್ತಿದ್ದೇನೆ. 21.1 ಕಿ.ಮೀ. ಅಂದ್ರೆ ಸುಮ್ನೆ ಅಲ್ವಲ್ಲ!

ಕುಂದುವಾಡ ಕೆರೆ ಏರಿ ಚೆನ್ನಾಗಿದೆ. ಆದರೆ ಬೆಳಗ್ಗೆ ವಾಕಿಂಗ್‌ನವರು ಜಾಸ್ತಿ, ಅದನ್ನೇ ಸುತ್ತಿ ಸುತ್ತಿ ಬೇಜಾರೂ ಬಂದಿದೆ. ಹಾಗಾಗಿ ಊರಾಚೆ ಭದ್ರಾ ಕಾಲುವೆ ಪಕ್ಕದ ಗದ್ದೆ ದಾರಿ ಹಿಡಿದಿದ್ದೇನೆ. ಏರಿಳಿತವೇ ಇಲ್ಲ. ಟ್ರಾಫಿಕ್ಕೂ ಇಲ್ಲ. ಮೊಣಕಾಲಿಗೆ ಸಿಮೆಂಟ್ ರಸ್ತೆಗಿಂತ ಎಷ್ಟೋ ಹಿತ.

ತೊಂದರೆ ಶುರುವಾಗುವುದು ಮಳೆ ಬಂದಾಗ. ನಮ್ಮ ಎರೆ ಮಣ್ಣು ಗೊತ್ತಲ್ಲ, ನಾಲ್ಕು ಹೆಜ್ಜೆಗೆ ಶೂ ತಳದಲ್ಲಿ ಮುದ್ದೆ ಕಟ್ಟುತ್ತದೆ. ಕಡ್ಡಿ ತಗೊಂಡು ಕೆರೆದರೂ ಗೀರುಗಳ ಸಂದಿಯಿಂದ ಬರುವುದಿಲ್ಲ. ಒಣಗಿದರೆ ಟ್ರ್ಯಾಕ್ಟರ್ ಚಕ್ರದ ಗುಂಡಿಗಳು ಕಲ್ಲಿನಂತೆ ಗಟ್ಟಿ, ಪಾದ ಹೊರಳುತ್ತದೆ. ಭತ್ತದ ಕೊಯ್ಲಿನ ಸಮಯದಲ್ಲಂತೂ ಟಾರು ರಸ್ತೆ ತುಂಬಾ ಭತ್ತ ಒಣಹಾಕಿರುತ್ತಾರೆ. ಅದು ಅವರ ವರ್ಷದ ದುಡಿಮೆ, ನಾನೇ ಬದಿಗೆ ಸರಿಯುತ್ತೇನೆ.

ತಿಳಿದವರು ಹೇಳಿ: ಗರಸು ಹಾಕಿದ, 10 ಕಿ.ಮೀ. ಆದರೂ ಸಿಗುವ ಕಾಲುವೆ ದಾರಿ ಯಾವ ಕಡೆ ಇದೆ? ಎರೆ ಮಣ್ಣಿಗೆ ಎಂಥ ತಳದ ಶೂ ಒಳ್ಳೆಯದು? ತೋಟದ ಮನೆ ನಾಯಿಗಳು ಬೆನ್ನು ಹತ್ತಿದರೆ ಏನು ಮಾಡುತ್ತೀರಿ? ನಾನು ನಿಂತುಬಿಡುತ್ತೇನೆ, ಅವೂ ನಿಂತು ಬೊಗಳುತ್ತವೆ, ಮುಂದೆ ಹೋಗಲು ಬಿಡುವುದಿಲ್ಲ. ಕತ್ತಲಿರುವಾಗಲೇ ಹೊರಡುವುದರಿಂದ ಹುಲ್ಲಿನಲ್ಲಿ ಕೊಳಕುಮಂಡಲದ ಭಯವೂ ಇದೆ. ಹೆಡ್‌ಲ್ಯಾಂಪ್ ಸಾಕಾಗುತ್ತಾ?

ಭಾನುವಾರ ಜೊತೆಗೆ ಬರುವವರಿದ್ದರೆ ಇಲ್ಲೇ ಕಾಮೆಂಟ್ ಹಾಕಿ. ನನ್ನದು ನಿಧಾನದ ಓಟ, ಮಾತಾಡಿಕೊಂಡೇ ಹೋಗಬಹುದು.